ಸ್ಟಾರ್ಟ್‌ಅಪ್ ಎದುರಿಗೆ ಬಂದು ನಿಂತಾಗ ಹಳೇ ಕಂಪನಿ ಏನು ಮಾಡಬೇಕು?

ಹತ್ತಿಪ್ಪತ್ತು ಜನರ ಸ್ಟಾರ್ಟ್‌ಅಪ್ ಒಂದು ಬಂದು ಸಾವಿರಾರು ಜನ ದುಡಿಯುವ ಕಂಪನಿಯನ್ನು ಅಲ್ಲಾಡಿಸಿಬಿಟ್ಟರೆ ಜನ ಆಡುವುದು ಒಂದೇ ಮಾತು: ದೊಡ್ಡವರು ನಿದ್ದೆ ಮಾಡುತ್ತಿದ್ದರು. ನನಗೆ ಇದು ಒಪ್ಪಿಗೆಯಿಲ್ಲ. ಎಷ್ಟೋ ಸಲ ಅವರು ಎಚ್ಚರವಾಗಿಯೇ ಇದ್ದರು, ಲೆಕ್ಕ ಸರಿಯಾಗಿ ನೋಡುತ್ತಿದ್ದರು, ಒಳ್ಳೆಯ ಗಿರಾಕಿಗಳು ಹೇಳಿದ್ದನ್ನು ಕೇಳುತ್ತಿದ್ದರು. ಏಟು ಬಿದ್ದದ್ದೇ ಅದರಿಂದ. ನೀವು ಅಂಥ ಹಳೇ ಕಂಪನಿಯೊಂದನ್ನು ನಡೆಸುತ್ತಿದ್ದರೆ, ಅಥವಾ ಅಲ್ಲಿ ಒಂದು ವಿಭಾಗ ನೋಡಿಕೊಳ್ಳುತ್ತಿದ್ದರೆ, ಮುಂದಿನ ಹೆಜ್ಜೆಗಳು ನಿಮಗಾಗಿ.

ಹೆಜ್ಜೆ 1: ನೀವು ಖುಷಿಯಿಂದ ಬಿಟ್ಟುಕೊಟ್ಟದ್ದನ್ನು ಬರೆದಿಡಿ

ಅಮೆರಿಕದ ಉಕ್ಕಿನ ಕತೆ ಕೇಳಿ. ಅಲ್ಲಿ ಮಿನಿ ಮಿಲ್ ಅನ್ನುವ ಸಣ್ಣ ಕಾರ್ಖಾನೆಗಳು ಬಂದವು. ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ ಇವರ ಹತ್ತಿರ ಇರಲಿಲ್ಲ, ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಉಕ್ಕಿನ ಗುಣಮಟ್ಟ ಅಷ್ಟಕ್ಕಷ್ಟೆ. ಕಾಂಕ್ರೀಟಿನ ಒಳಗೆ ಹಾಕುವ ಕಂಬಿಗೆ ಅದು ಸಾಕಾಗುತ್ತಿತ್ತು. ದೊಡ್ಡ ಕಂಪನಿಗಳಿಗೋ ಕಂಬಿ ಅಂದರೆ ಎಲ್ಲಕ್ಕಿಂತ ಕಡಿಮೆ ಲಾಭದ ಸರಕು, ಹೋದರೆ ಹೋಗಲಿ ಅಂತ ಕೈಬಿಟ್ಟರು, ಹಾಗೆ ಕೈಬಿಟ್ಟ ಮೇಲೆ ಅವರ ಸರಾಸರಿ ಲಾಭದ ಪ್ರಮಾಣ ಇನ್ನೂ ಚೆನ್ನಾಗಿಯೇ ಕಾಣಿಸಿತು. ಸಣ್ಣವರು ಅಲ್ಲಿಗೆ ನಿಲ್ಲಲಿಲ್ಲ. ಕಂಬಿ ಆದಮೇಲೆ ಪಟ್ಟಿ, ಆಮೇಲೆ ತೊಲೆ, ಒಂದೊಂದೇ ಮೆಟ್ಟಿಲು ಹತ್ತಿದರು. 1969ರಲ್ಲಿ ಉಕ್ಕು ತಯಾರಿಕೆಗೆ ಇಳಿದ ನ್ಯೂಕೋರ್ ಅನ್ನುವ ಮಿನಿ ಮಿಲ್ ಕಂಪನಿ 1989ರಲ್ಲಿ ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನಲ್ಲಿ ಉಕ್ಕಿನ ಹಾಳೆಯನ್ನೇ ತಯಾರಿಸಲು ಶುರು ಮಾಡಿತು. ಅದು ದೊಡ್ಡವರ ಕೋಟೆ.

ಹಾಗಾಗಿ ಹೋದ ಎರಡು ಮೂರು ವರ್ಷದಲ್ಲಿ "ಇದರಲ್ಲಿ ಏನೂ ಗಿಟ್ಟಲ್ಲ" ಅಂತ ನೀವು ಬಿಟ್ಟ ಸರಕು, ಬಿಟ್ಟ ಗಿರಾಕಿಗಳು ಯಾರು ಅಂತ ಪಟ್ಟಿ ಮಾಡಿ. ಪ್ರತಿಯೊಂದರ ಎದುರಿಗೂ ಈಗ ಅವರಿಗೆ ಮಾರುತ್ತಿರುವವರ ಹೆಸರು ಬರೆಯಿರಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅವರ ಮೇಲೆ ಕಣ್ಣಿಡಿ.

ಹೆಜ್ಜೆ 2: ಎಲ್ಲರಿಗೂ ಹೆದರಬೇಡಿ

ಹೂಡಿಕೆದಾರರ ದುಡ್ಡು ಸುರಿದು ಕಡಿಮೆ ಬೆಲೆಗೆ ಕೊಡುವವರೆಲ್ಲ ನಿಮ್ಮನ್ನು ಮುಗಿಸುವುದಿಲ್ಲ. ದಿನಸಿಯನ್ನು ಮನೆಗೆ ತಲುಪಿಸಲು ಹೊರಟ ವೆಬ್‌ವ್ಯಾನ್ ದೊಡ್ಡ ದೊಡ್ಡ ಗೋದಾಮು ಕಟ್ಟಿ 2001ರಲ್ಲಿ ಬಾಗಿಲು ಹಾಕಿತು. ಕೇಳಬೇಕಾದ್ದು ಇಷ್ಟೇ: ಒಂದು ಆರ್ಡರ್ ಪೂರೈಸಲು ಅವರಿಗೆ ನಿಜವಾಗಿ ಆಗುವ ಖರ್ಚು ನಮಗಿಂತ ಕಡಿಮೆಯಾ? ವರ್ಷದಿಂದ ವರ್ಷಕ್ಕೆ ಅವರ ಸರಕು ಸುಧಾರಿಸುತ್ತಿದೆಯಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 3: ಸರಿಯಾದ ಜನರನ್ನು ಕೇಳಿ

ಇಲ್ಲಿ ತಪ್ಪುವವರೇ ಜಾಸ್ತಿ. 1980ರ ದಶಕದ ಮಧ್ಯದಲ್ಲಿ ಸೀಗೇಟ್ ಕಂಪನಿ 5.25 ಇಂಚಿನ ಹಾರ್ಡ್ ಡಿಸ್ಕ್ ಮಾರುತ್ತಿತ್ತು. ಅದರ ಎಂಜಿನಿಯರ್‌ಗಳು ಪುಟ್ಟದಾದ 3.5 ಇಂಚಿನ ಡಿಸ್ಕಿನ ಮಾದರಿಗಳನ್ನೂ ಮಾಡಿಟ್ಟಿದ್ದರು. ಮಾರಾಟದವರು ಅದನ್ನು ಹಿಡಿದುಕೊಂಡು ಹೋಗಿ ತಮ್ಮ ದೊಡ್ಡ ಗಿರಾಕಿಗಳಾದ ಡೆಸ್ಕ್‌ಟಾಪ್ ಕಂಪ್ಯೂಟರ್ ತಯಾರಕರನ್ನೇ ಕೇಳಿದರು. ಅವರಿಗೆ ಬೇಕಿದ್ದದ್ದು ಮಾಹಿತಿ ತುಂಬಿಡಲು ಜಾಸ್ತಿ ಜಾಗ, ಕಡಿಮೆ ಬೆಲೆ. ಪುಟ್ಟ ಡಿಸ್ಕ್ ಬೇಡ ಅಂದರು. ಕೆಲಸ ಅಲ್ಲಿಗೇ ನಿಂತಿತು. ಆದರೆ ಜೊತೆಯಲ್ಲಿ ಒಯ್ಯುವ ಕಂಪ್ಯೂಟರ್ ಮಾಡುವವರನ್ನು ಯಾರೂ ಕೇಳಿರಲಿಲ್ಲ, ಅವರಿಗೆ ಬೇಕಿದ್ದದ್ದೇ ಚಿಕ್ಕ, ಹಗುರವಾದ ಡಿಸ್ಕ್, ಆ ಮಾರುಕಟ್ಟೆಯನ್ನು ಕಾನರ್ ಪೆರಿಫೆರಲ್ಸ್ ಅನ್ನುವ ಹೊಸ ಕಂಪನಿ ಹಿಡಿದುಕೊಂಡಿತು. ಸೀಗೇಟ್ ಉಳಿದುಕೊಂಡಿತು, 1996ರಲ್ಲಿ ಕಾನರ್ ಅನ್ನೇ ಕೊಂಡುಕೊಂಡಿತು ಕೂಡ. ಆದರೆ ತನ್ನ ಕಪಾಟಿನಲ್ಲೇ ಇದ್ದ ಸರಕಿಗಾಗಿ ಇಷ್ಟು ದೂರ ಸುತ್ತಬೇಕಾಯಿತು, ಅಲ್ವಾ?

ನಿಮ್ಮನ್ನು ಬಿಟ್ಟುಹೋದ ಹತ್ತು ಗಿರಾಕಿಗಳ ಜೊತೆ, ನಿಮ್ಮ ಹತ್ತಿರ ಯಾವತ್ತೂ ಬರದ ಹತ್ತು ಜನರ ಜೊತೆ ಕೂತು ಮಾತಾಡಿ. ಸಮೀಕ್ಷೆ ಫಾರಂ ಕಳಿಸಬೇಡಿ, ನೀವೇ ಹೋಗಿ. "ಯಾಕೆ ಹೋದಿರಿ" ಅನ್ನುವುದಕ್ಕಿಂತ "ಈಗ ಆ ಕೆಲಸ ಹೇಗೆ ಮಾಡಿಕೊಳ್ಳುತ್ತಿದ್ದೀರಿ" ಅಂತ ಕೇಳಿ.

ಹೆಜ್ಜೆ 4: ಹೊಸದಕ್ಕೆ ಬೇರೆ ಮನೆ ಮಾಡಿಕೊಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಹಳೇ ವ್ಯಾಪಾರದ ಒಳಗೇ ಹೊಸದನ್ನು ಬೆಳೆಸಲು ಹೋದರೆ ಅದು ಪ್ರತಿ ಬಜೆಟ್ ಸಭೆಯಲ್ಲೂ ಸೋಲುತ್ತದೆ. ಹಳೆಯದು ಇವತ್ತು ಕೋಟಿಗಟ್ಟಲೆ ತರುತ್ತದೆ, ಹೊಸದು ಏನೂ ತರುವುದಿಲ್ಲ, ಮತ್ತೆ ಒಳ್ಳೆಯ ಎಂಜಿನಿಯರನ್ನು ಯಾವ ಕಡೆಗೆ ಹಾಕುತ್ತಾರೆ ನೀವೇ ಹೇಳಿ. ಐಬಿಎಂ ತನ್ನ ಪಿಸಿ ಮಾಡುವಾಗ ಸಣ್ಣ ತಂಡವೊಂದನ್ನು ಮುಖ್ಯ ಕಚೇರಿಯಿಂದ ದೂರ ಫ್ಲೋರಿಡಾದ ಬೋಕಾ ರಾಟನ್‌ನಲ್ಲಿ ಕೂರಿಸಿ, ಬಿಡಿಭಾಗಗಳನ್ನು ಹೊರಗಿನಿಂದ ತರಲು ಬಿಟ್ಟಿತು. ಸುಮಾರು ಒಂದು ವರ್ಷದಲ್ಲಿ, 1981ರ ಆಗಸ್ಟ್‌ನಲ್ಲಿ, ಪಿಸಿ ಮಾರುಕಟ್ಟೆಗೆ ಬಂತು.

ಆ ತಂಡಕ್ಕೆ ಬೇರೆ ಲೆಕ್ಕದ ಪುಸ್ತಕ ಇರಲಿ. ಸಣ್ಣ ಗೆಲುವೂ ದೊಡ್ಡದಾಗಿ ಕಾಣುವಷ್ಟು ಚಿಕ್ಕ ಗುರಿ ಕೊಡಿ. ಹಳೇ ವಿಭಾಗದ ಗಿರಾಕಿಯನ್ನು ಕಿತ್ತುಕೊಳ್ಳಲೂ ಅನುಮತಿ ಕೊಡಿ, ಸುಮ್ನೆ ಬಾಯಿಮಾತಿಗಲ್ಲ, ಬರಹದಲ್ಲಿ. ನಾರ್ವೆಯ ಶಿಬ್‌ಸ್ಟೆಡ್ ಅನ್ನುವ ಪತ್ರಿಕಾ ಸಂಸ್ಥೆ ಇದನ್ನು ಮಾಡಿ ತೋರಿಸಿತು. ಬೇರೆ ದೇಶಗಳಲ್ಲಿ ಪತ್ರಿಕೆಗಳ ವರ್ಗೀಕೃತ ಜಾಹೀರಾತನ್ನು ಹೊರಗಿನ ವೆಬ್‌ಸೈಟ್‌ಗಳು ಎಳೆದುಕೊಂಡು ಹೋಗುತ್ತಿದ್ದಾಗ, ಇವರು 2000ದಲ್ಲಿ ಬೇರೆ ಪತ್ರಿಕೆಗಳನ್ನೂ ಸೇರಿಸಿಕೊಂಡು ಫಿನ್ ಅನ್ನುವ ಸೈಟ್ ಶುರು ಮಾಡಿದರು. ತಮ್ಮದೇ ಮುದ್ರಿತ ಜಾಹೀರಾತಿಗೆ ಹೊಡೆತ ಬೀಳುತ್ತದೆ ಅಂತ ಗೊತ್ತಿದ್ದೇ ಮಾಡಿದರು.

ಬೇರೆ ಮನೆ ಅಂದರೆ ಅನಾಥ ಮಾಡುವುದಲ್ಲ. ಬ್ರಿಟಿಷ್ ಏರ್‌ವೇಸ್ 1998ರಲ್ಲಿ ಗೋ ಅನ್ನುವ ಅಗ್ಗದ ವಿಮಾನ ಸಂಸ್ಥೆ ತೆರೆದು, ಚೆನ್ನಾಗಿ ಬೆಳೆಯುತ್ತಿದ್ದಾಗಲೇ 2001ರಲ್ಲಿ ಮಾರಿಬಿಟ್ಟಿತು. ಮರುವರ್ಷ ಅದನ್ನು ಕೊಂಡವರು ಯಾರು? ಎದುರಾಳಿ ಈಸಿಜೆಟ್.

ಹೆಜ್ಜೆ 5: ಆದಾಯ ಇಳಿಯುವ ವರ್ಷಕ್ಕೆ ಮೊದಲೇ ಸಿದ್ಧರಾಗಿ

ಒಂದು ವರ್ಷ ಲೆಕ್ಕ ಕೆಟ್ಟದಾಗಿ ಕಾಣುತ್ತದೆ. ಅಡೋಬಿ 2013ರಲ್ಲಿ ಡಬ್ಬಿಯಲ್ಲಿ ಮಾರುತ್ತಿದ್ದ ಸಾಫ್ಟ್‌ವೇರ್ ಬಿಟ್ಟು ತಿಂಗಳ ಚಂದಾಕ್ಕೆ ಹೊರಳಿದಾಗ ಅದರ ಆದಾಯ ಸುಮಾರು 440 ಕೋಟಿ ಡಾಲರಿನಿಂದ 405 ಕೋಟಿಗೆ ಇಳಿಯಿತು. ನಿವ್ವಳ ಲಾಭ 83 ಕೋಟಿಯಿಂದ 29 ಕೋಟಿಗೆ ಬಂತು. ಗಿರಾಕಿಗಳೂ ಸಿಟ್ಟಾದರು. 2015ರ ಹೊತ್ತಿಗೆ ಆದಾಯ ಹಳೇ ಮಟ್ಟವನ್ನು ದಾಟಿತ್ತು. ನಡುವಿನ ಆ ದಿನಗಳಲ್ಲಿ ಹೂಡಿಕೆದಾರರು ಓಡಿಹೋಗದಂತೆ ಅಡೋಬಿ ಅವರಿಗೆ ನೋಡಲು ಬೇರೆಯೇ ಅಂಕಿಗಳನ್ನು ಕೊಟ್ಟಿತ್ತು: ಚಂದಾದಾರರು ಎಷ್ಟು ಜನ, ಅವರಿಂದ ವರ್ಷಕ್ಕೆ ಬರುವ ಹಣ ಎಷ್ಟು.

ನೀವೂ ಆ ಅಂಕಿ ಯಾವುದು ಅಂತ ಈಗಲೇ ಆರಿಸಿ. ನಿರ್ದೇಶಕರನ್ನು, ಬ್ಯಾಂಕಿನವರನ್ನು, ಮುಖ್ಯವಾಗಿ ಹಳೇ ವಿಭಾಗದಲ್ಲಿ ದುಡಿಯುವ ಜನರನ್ನು ಕೂರಿಸಿಕೊಂಡು ಹೇಳಿ. ಯಾರ ಕೆಲಸ ಬದಲಾಗುತ್ತದೆ, ಯಾರಿಗೆ ಏನು ಕಲಿಸುತ್ತೀರಿ, ಎಷ್ಟು ತಿಂಗಳು ಕಾಯುತ್ತೀರಿ, ಎಲ್ಲವನ್ನೂ ಹೇಳಿ. ಆದಾಯ ಇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಲಾಭ ಚೆನ್ನಾಗಿರುವ ಈ ವರ್ಷವೇ ಆ ಸಭೆ ಕರೆಯಿರಿ.