ಡೈನಮೋ ಇರುವ ಪದ್ಮಿನಿ ಕಾರು: ಚಾರ್ಜ್ ಕಡಿಮೆ ಆಗ್ತಿದ್ದದ್ದು ಹೀಗೆ ಸರಿಹೋಯ್ತು

ಈ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು ಇಂಜಿನ್ ತಿರುಗಿಸುವ ಡೈನಮೋ. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.2 ವೋಲ್ಟ್, ಅಂದರೆ ಅರ್ಧ ಖಾಲಿ. ತುಂಬಿದ ಬ್ಯಾಟರಿಯಾದರೆ 12.6 ಇರಬೇಕು. ನೆಗೆಟಿವ್ ಬಿಚ್ಚಿ, ನಡುವೆ ಮಲ್ಟಿಮೀಟರ್ ಹಾಕಿ ನೋಡಿದೆ, ಕರೆಂಟ್ ಸೋರಿಕೆ ಇರಲಿಲ್ಲ.

ಹೆಡ್‌ಲೈಟ್ ಹಾಕಿ ಇಂಜಿನ್ ರೇಸ್ ಮಾಡಿದಾಗ ಡೈನಮೋ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರಿನ, ಬ್ಯಾಟರಿಗೆ ದಪ್ಪ ವೈರ್ ಹೋಗುವ ಬಿ ಟರ್ಮಿನಲ್‌ನಲ್ಲಿ 14.2, ಬ್ಯಾಟರಿಯಲ್ಲಿ 13.3. ಮೀಟರಿನ ಒಂದು ತುದಿ ಬಿ ಟರ್ಮಿನಲ್‌ಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ ಹಿಡಿದರೆ ನೇರವಾಗಿ 0.9! ವೈರಿನಲ್ಲಿ ಆಗುವ ಈ ನಷ್ಟ 0.2 ವೋಲ್ಟ್ ದಾಟಬಾರದು. ಆ ದಪ್ಪ ವೈರಿನ ಲಗ್ (ತುದಿಯ ಲೋಹದ ಕೊಂಡಿ) ಒಳಗೇ ಹಸಿರುಗಟ್ಟಿತ್ತು. ಕಪ್ಪಾದ ತಾಮ್ರವನ್ನು ಕತ್ತರಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ತಾಮ್ರದ ಲಗ್ ಒತ್ತಿ ಕ್ರಿಂಪ್ ಮಾಡಿ, ಟರ್ಮಿನಲ್ ಉಜ್ಜಿ ಬಿಗಿ ಮಾಡಿದ ಮೇಲೆ ಬ್ಯಾಟರಿಯಲ್ಲೇ 14.1.

ಇಂಥಲ್ಲಿ ರೆಗ್ಯುಲೇಟರ್ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸಲೇಬೇಡಿ. ಬ್ಯಾಟರಿ ತುಂಬುತ್ತಾ ಕರೆಂಟ್ ಇಳಿದಂತೆ ವೈರಿನ ನಷ್ಟವೂ ಇಳಿಯುತ್ತದೆ. ಏರಿಸಿದ ವೋಲ್ಟೇಜ್ ಪೂರ್ತಿ ಬ್ಯಾಟರಿಗೆ ಬಿದ್ದು ನೀರು ಕುದಿದು ಆರುತ್ತದೆ.

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಐಡಲ್‌ನಲ್ಲಿ ನಿಂತಾಗ ಚಾರ್ಜ್ ದೀಪ ಮಿನುಗಿದರೆ ಗಾಬರಿ ಬೇಡ; ನಿಧಾನಕ್ಕೆ ತಿರುಗುವ ಡೈನಮೋ ಅಷ್ಟು ಕರೆಂಟ್ ಕೊಡುವುದಿಲ್ಲ. ವೇಗ ಹೆಚ್ಚಿಸಿದರೂ ದೀಪ ಆರದಿದ್ದರೆ ಮೊದಲು ಬೆಲ್ಟ್, ಆಮೇಲೆ ಕಾರ್ಬನ್ ಬ್ರಷ್ ನೋಡಿ.