ಬ್ಯಾಕ್ಟೀರಿಯಾದ ಪ್ರೋಟೀನ್ ಯಾವ ಪೋಷಕಾಂಶ ಒಳಗೆ ತರುತ್ತದೆ? ಸೀಕ್ವೆನ್ಸ್ ಹೋಲಿಸಿ ಪತ್ತೆ ಮಾಡುವ ಬಗೆ

ಹೊಸ ಬ್ಯಾಕ್ಟೀರಿಯಾದ ಜೀನೋಮ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಅದರ ಟ್ರಾನ್ಸ್‌ಪೋರ್ಟರ್‌ಗಳನ್ನು. ಪೊರೆಯಲ್ಲಿ ಕೂತು ಸಕ್ಕರೆ, ಅಮೈನೋ ಆಮ್ಲ, ಕಬ್ಬಿಣ, ವಿಟಮಿನ್ ಎಲ್ಲವನ್ನೂ ಒಳಗೆ ಎಳೆದುಕೊಳ್ಳುವ ಪ್ರೋಟೀನ್‌ಗಳು ಇವು. ಇವು ಗೊತ್ತಾದರೆ ಆ ಜೀವಿ ಏನು ತಿಂದು ಬದುಕುತ್ತದೆ ಅಂತ ಸುಳಿವು ಸಿಗುತ್ತದೆ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೋಲಿಕೆಯಿಂದ ಪ್ರೋಟೀನಿನ ಕುಟುಂಬ ಬೇಗ ಗೊತ್ತಾಗುತ್ತದೆ, ಅದು ಏನನ್ನು ಸಾಗಿಸುತ್ತದೆ ಅನ್ನೋದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಜಾಸ್ತಿ ತಪ್ಪುಗಳು ಆಗುವುದು ಇಲ್ಲೇ.

ಹೋಲಿಸುವಾಗ ಡಿಎನ್‌ಎ ಬೇಡ, ಪ್ರೋಟೀನ್ ಸೀಕ್ವೆನ್ಸನ್ನೇ, ಅಂದರೆ ಅಮೈನೋ ಆಮ್ಲಗಳನ್ನು ಒಂದೊಂದು ಅಕ್ಷರದಲ್ಲಿ ಬರೆದ ಸಾಲನ್ನೇ ತಗೊಳ್ಳಿ. ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನ್ (ಡಿಎನ್‌ಎಯ ಮೂರಕ್ಷರದ ಸಂಕೇತ) ಇರುವುದರಿಂದ ದೂರದ ಸಂಬಂಧಿಗಳಲ್ಲಿ ಡಿಎನ್‌ಎ ಹೋಲಿಕೆ ಬೇಗ ಅಳಿಸಿಹೋಗುತ್ತದೆ. ನಿಮ್ಮ ಪ್ರೋಟೀನನ್ನು ಡೇಟಾಬೇಸಿನ ಪ್ರೋಟೀನ್‌ಗಳ ಜೊತೆ ಹೋಲಿಸುವ ಬ್ಲಾಸ್ಟ್‌ಪಿ ಟೂಲ್ ಓಡಿಸಿ, ಆದರೆ ಎಲ್ಲಾ ಸೇರಿದ ದೊಡ್ಡ ಡೇಟಾಬೇಸ್ ಮೇಲೆ ಮೊದಲೇ ಬೇಡ. ಅಲ್ಲಿ ಒಂದು ಪ್ರೋಟೀನಿನ ಹೆಸರನ್ನು ನೋಡಿ ಇನ್ನೊಂದಕ್ಕೆ ಇಟ್ಟಿರುತ್ತಾರೆ, ಅದನ್ನು ನೋಡಿ ಮತ್ತೊಂದಕ್ಕೆ, ಮೂಲ ಪ್ರಯೋಗ ಎಲ್ಲೋ ಕಳೆದುಹೋಗಿರುತ್ತದೆ. ಸ್ವಿಸ್-ಪ್ರಾಟ್ (ತಜ್ಞರು ಪರಿಶೀಲಿಸಿದ ಪ್ರೋಟೀನ್ ಡೇಟಾಬೇಸ್) ಮತ್ತು ಟಿಸಿಡಿಬಿ ಸಾಕು. ಟಿಸಿಡಿಬಿ ಅಂದರೆ ಟ್ರಾನ್ಸ್‌ಪೋರ್ಟರ್‌ಗಳಿಗೇ ಮೀಸಲಾದ ಡೇಟಾಬೇಸ್, ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಿಲ್ಟನ್ ಸೇಯರ್ ಅವರ ತಂಡ ಕಟ್ಟಿದ್ದು. ಅಲ್ಲಿ ಪ್ರತಿಯೊಂದಕ್ಕೂ ಐದು ಭಾಗದ ಸಂಖ್ಯೆ ಇರುತ್ತದೆ. 3.ಎ.1 ಅಂದರೆ ಎಟಿಪಿ (ಜೀವಕೋಶದ ಶಕ್ತಿಯ ಅಣು) ಉರಿಸಿ ಸಾಗಿಸುವ ಎಬಿಸಿ ಕುಟುಂಬ, 2.ಎ.1 ಅಂದರೆ ಹೆಚ್ಚಾಗಿ ಒಂಟಿ ಪ್ರೋಟೀನಾಗಿ ಕೆಲಸ ಮಾಡುವ ಎಂಎಫ್‌ಎಸ್ ಕುಟುಂಬ, 4.ಎ ಅಂತ ಶುರುವಾದರೆ ಸಕ್ಕರೆಗೆ ಫಾಸ್ಫೇಟ್ ಅಂಟಿಸುತ್ತಲೇ ಒಳಗೆ ತರುವ ಪಿಟಿಎಸ್.

ಹಿಟ್‌ಗಳು, ಅಂದರೆ ಹೊಂದಿಕೆಯಾದ ಪ್ರೋಟೀನ್‌ಗಳು, ಬಂದ ಮೇಲೆ ಸುಮ್ನೆ ಇ-ವ್ಯಾಲ್ಯೂ ಒಂದನ್ನೇ ನೋಡಬೇಡಿ. ಅಷ್ಟು ಸ್ಕೋರಿನ ಹಿಟ್‌ಗಳು ಆ ಗಾತ್ರದ ಡೇಟಾಬೇಸಿನಲ್ಲಿ ಆಕಸ್ಮಿಕವಾಗಿ ಎಷ್ಟು ಬರಬಹುದು ಅನ್ನೋದಷ್ಟೇ ಅದರ ಅರ್ಥ. ಪೊರೆಯ ಪ್ರೋಟೀನ್‌ಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ತುಂಬಿರುತ್ತವೆ, ಹಾಗಾಗಿ ಸಂಬಂಧವೇ ಇಲ್ಲದ ಎರಡು ಪ್ರೋಟೀನ್‌ಗಳೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಹೋಲಿಕೆ ಎರಡೂ ಪ್ರೋಟೀನಿನ ಉದ್ದದ ಶೇಕಡಾ 70ರಷ್ಟನ್ನಾದರೂ ಆವರಿಸಿರಬೇಕು. ಮಧ್ಯದ 80 ಅಕ್ಷರ ಮಾತ್ರ ಹೊಂದಿದರೆ ಹೆಸರಿಡಲು ಅದು ಸಾಲದು.

ಈಗ ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ನಿಮ್ಮ ಪ್ರೋಟೀನಿಗೆ ಇ. ಕೊಲಿಯಲ್ಲಿ ಮಾಲ್ಟೋಸ್ ಎಂಬ ಸಕ್ಕರೆ ತರುವ ವ್ಯವಸ್ಥೆಯ ಮಾಲ್‌ಕೆ ಜೊತೆ ಬಲವಾದ ಹಿಟ್ ಬಂತು ಅಂದುಕೊಳ್ಳಿ. ತಕ್ಷಣ ‘ಮಾಲ್ಟೋಸ್ ಟ್ರಾನ್ಸ್‌ಪೋರ್ಟರ್’ ಅಂತ ಬರೆಯಲು ಕೈ ಹೋಗುತ್ತದೆ ಅಲ್ವಾ? ತಡೆಯಿರಿ. ಮಾಲ್‌ಕೆ ಸಕ್ಕರೆಯನ್ನು ಮುಟ್ಟುವ ಭಾಗವೇ ಅಲ್ಲ. ಅದು ಎಟಿಪಿ ಉರಿಸಿ ಶಕ್ತಿ ಕೊಡುವ ಎಂಜಿನ್. ವಾಕರ್ ಎ, ವಾಕರ್ ಬಿ, ಎಲ್-ಎಸ್-ಜಿ-ಜಿ-ಕ್ಯೂ ಎಂಬ ಗುರುತಿನ ಅಕ್ಷರಗಳು ಎಬಿಸಿ ಎಂಜಿನ್‌ಗಳಲ್ಲೆಲ್ಲಾ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಡಿಎನ್‌ಎ ರಿಪೇರಿ ಮಾಡುವ ಯುವಿಆರ್-ಎ ಪ್ರೋಟೀನಿನಲ್ಲೂ ಇದೇ ತರಹದ ಭಾಗ ಇದೆ, ಅದು ಏನನ್ನೂ ಸಾಗಿಸುವುದಿಲ್ಲ. ಇ. ಕೊಲಿಯಲ್ಲೇ ಗ್ಲಿಸರಾಲ್-3-ಫಾಸ್ಫೇಟ್ ತರುವ ವ್ಯವಸ್ಥೆಯ ಯುಜಿಪಿ-ಸಿ ಮತ್ತು ಮಾಲ್‌ಕೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡಬಲ್ಲವು. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಂತೂ ಎಂಎಸ್‌ಐ-ಕೆ ಎಂಬ ಒಂದೇ ಎಂಜಿನ್ ಬೇರೆ ಬೇರೆ ಸಕ್ಕರೆಗಳ ಟ್ರಾನ್ಸ್‌ಪೋರ್ಟರ್‌ಗಳಿಗೆ ಶಕ್ತಿ ಕೊಡುತ್ತದೆ.

ಹಾಗಾದರೆ ಎಲ್ಲಿ ನೋಡಬೇಕು? ಅಕ್ಕಪಕ್ಕದ ಜೀನ್‌ಗಳಲ್ಲಿ. ಇ. ಕೊಲಿಯಲ್ಲಿ ಮಾಲ್‌ಇ, ಮಾಲ್‌ಎಫ್, ಮಾಲ್‌ಜಿ ಒಂದೇ ಸಾಲಿನಲ್ಲಿವೆ, ಮಾಲ್‌ಕೆ ಪಕ್ಕದಲ್ಲೇ ಎದುರು ದಿಕ್ಕಿಗೆ ಶುರುವಾಗುತ್ತದೆ. ಪೊರೆಯಲ್ಲಿ ದಾರಿಯಾಗುವುದು ಮಾಲ್‌ಎಫ್ ಮತ್ತು ಮಾಲ್‌ಜಿ, ಪೊರೆಯ ಹೊರಗೆ ಸಕ್ಕರೆಯನ್ನು ಹಿಡಿದು ತಂದುಕೊಡುವುದು ಮಾಲ್‌ಇ. ಏನನ್ನು ಸಾಗಿಸುತ್ತದೆ ಎಂಬ ಸುಳಿವು ಜಾಸ್ತಿ ಸಿಗುವುದು ಇಂಥ ಹಿಡಿಯುವ ಪ್ರೋಟೀನಿನಲ್ಲೇ. ಮಾಲ್‌ಇ ತಯಾರಾಗುವಾಗ 396 ಅಮೈನೋ ಆಮ್ಲ ಇರುತ್ತದೆ, ಮೊದಲ 26 ಸಿಗ್ನಲ್ ಪೆಪ್ಟೈಡ್, ಅಂದರೆ ಪ್ರೋಟೀನನ್ನು ಹೊರಗೆ ಕಳಿಸುವ ವಿಳಾಸದ ಚೀಟಿ, ಹೊರಗೆ ಹೋಗುವಾಗ ಕತ್ತರಿಸಿಹೋಗುತ್ತದೆ. ಸಿಗ್ನಲ್‌ಪಿ ಬಳಸಿ ಆ ತುಂಡನ್ನು ತೆಗೆದು ಉಳಿದದ್ದನ್ನು ಹೋಲಿಸಿ. ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾದಲ್ಲಿ ಹೊರಪೊರೆ ಇಲ್ಲವಲ್ಲ, ಅಲ್ಲಿ ಈ ಪ್ರೋಟೀನ್ ತೇಲಿಹೋಗದಂತೆ ಒಂದು ಸಿಸ್ಟೀನ್ ಮೂಲಕ ಕೊಬ್ಬಿಗೆ ಅಂಟಿ ಪೊರೆಗೆ ಕಚ್ಚಿಕೊಂಡಿರುತ್ತದೆ, ಸಿಗ್ನಲ್‌ಪಿ ಅದನ್ನೂ ತೋರಿಸುತ್ತದೆ. ಹಿಡಿಯುವ ಪ್ರೋಟೀನ್‌ಗಳು ಎಂಜಿನ್‌ಗಿಂತ ಬೇಗ ಬದಲಾಗುತ್ತವೆ, ಬ್ಲಾಸ್ಟ್‌ನಲ್ಲಿ ಏನೂ ಸಿಗದಿರಬಹುದು. ಆಗ ದೂರದ ಹೋಲಿಕೆಯನ್ನೂ ಹಿಡಿಯುವ ಎಚ್‌ಎಂಎಂಸ್ಕ್ಯಾನ್ ಟೂಲ್‌ನಲ್ಲಿ ಪಿಫ್ಯಾಮ್ (ಪ್ರೋಟೀನ್ ಕುಟುಂಬಗಳ ಡೇಟಾಬೇಸ್) ಕುಟುಂಬಗಳ ಜೊತೆ ಹೋಲಿಸಿ, ಆಯಾ ಕುಟುಂಬಕ್ಕೆ ಪಿಫ್ಯಾಮ್ ಇಟ್ಟಿರುವ ಸ್ಕೋರ್ ಮಿತಿಯನ್ನೇ ಬಳಸಿ.

ಒಂಟಿಯಾಗಿ ಕೆಲಸ ಮಾಡುವ ಟ್ರಾನ್ಸ್‌ಪೋರ್ಟರ್‌ಗಳ ದಾರಿ ಬೇರೆ. ಲ್ಯಾಕ್ಟೋಸ್ ತರುವ ಲ್ಯಾಕ್‌ವೈನಲ್ಲಿ 417 ಅಮೈನೋ ಆಮ್ಲ, ಪೊರೆ ದಾಟುವ 12 ಸುರುಳಿ. ಇಂಥ ಸುರುಳಿಗಳನ್ನು ಹುಡುಕುವ ಡೀಪ್‌ಟಿಎಂಎಚ್‌ಎಂಎಂ ಟೂಲ್ ನಿಮ್ಮದರಲ್ಲಿ 9 ಮಾತ್ರ ತೋರಿಸಿದರೆ ಜೀನಿನ ಶುರುವನ್ನು ತಪ್ಪಾಗಿ ಗುರುತಿಸಿದ್ದಾರಾ ಅಂತ ಮೊದಲು ನೋಡಿ. ಆಮೇಲೆ ಮಾಫ್ಟ್ ಟೂಲ್‌ನಲ್ಲಿ ಅಲೈನ್ ಮಾಡಿ (ಅಂದರೆ ಎರಡೂ ಸೀಕ್ವೆನ್ಸನ್ನು ಒಂದರ ಕೆಳಗೊಂದು ಹೊಂದಿಸಿಟ್ಟು) ಲ್ಯಾಕ್‌ವೈನ 126ನೇ ಗ್ಲುಟಮೇಟ್ ಮತ್ತು 144ನೇ ಆರ್ಜಿನಿನ್ ಇರುವ ಕಾಲಂಗಳಿಗೆ ಹೋಗಿ. ಸಕ್ಕರೆಯನ್ನು ಹಿಡಿಯಲು ಇವೆರಡೂ ಬೇಕೇ ಬೇಕು. ಆರ್ಜಿನಿನ್ ಜಾಗದಲ್ಲಿ ನಿಮ್ಮದರಲ್ಲಿ ಅಲನಿನ್ ಇದ್ದರೆ, ಒಟ್ಟು ಹೋಲಿಕೆ ಎಷ್ಟೇ ಇರಲಿ, ಲ್ಯಾಕ್ಟೋಸ್ ಅಂತ ನಾನು ಬರೆಯುವುದಿಲ್ಲ. ಹತ್ತಿರದಲ್ಲಿ ಗ್ಯಾಪ್ (ಹೊಂದಿಸಲು ಖಾಲಿ ಬಿಟ್ಟ ಜಾಗ) ಇದ್ದರೆ ಮಾತ್ರ ಅಲೈನ್‌ಮೆಂಟೇ ಒಂದೆರಡು ಅಕ್ಷರ ಜರುಗಿರಬಹುದು, ಅದನ್ನು ಕಣ್ಣಾರೆ ನೋಡಿಕೊಳ್ಳಿ.

ಇನ್ನೊಂದು. ವಿಟಮಿನ್ ಬಿ12 ಹಿಡಿಯುವ ಬಿಟಿಯು-ಬಿ ಇರುವುದು ಹೊರಪೊರೆಯಲ್ಲಿ, 22 ಬೀಟಾ ಎಳೆಗಳ ಪೀಪಾಯಿಯ ಹಾಗೆ. ಸುರುಳಿ ಹುಡುಕುವ ಹಳೆಯ ಟೂಲ್‌ಗಳು ಅದಕ್ಕೆ ಸೊನ್ನೆ ತೋರಿಸುತ್ತವೆ. ಸೊನ್ನೆ ಬಂತು ಅಂತ ಪಟ್ಟಿಯಿಂದ ತೆಗೆದುಹಾಕಬೇಡಿ.

ಕೊನೆಗೆ ಹೆಸರು. ಕುಟುಂಬ ಮಾತ್ರ ಖಚಿತವಾಗಿದ್ದರೆ ‘ಎಂಎಫ್‌ಎಸ್ ಕುಟುಂಬದ ಟ್ರಾನ್ಸ್‌ಪೋರ್ಟರ್’ ಅಂತಷ್ಟೇ ಬರೆಯಿರಿ. ಹಿಡಿಯುವ ಪ್ರೋಟೀನ್, ಪಕ್ಕದ ಜೀನ್‌ಗಳು, ಮುಖ್ಯ ಅಮೈನೋ ಆಮ್ಲಗಳು ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ‘ಬಹುಶಃ ಮಾಲ್ಟೋಸ್’ ಅನ್ನಬಹುದು. ಆ ‘ಬಹುಶಃ’ ತೆಗೆಯಬೇಕಾದರೆ ಲ್ಯಾಬಿಗೇ ಹೋಗಬೇಕು: ಜೀನನ್ನು ಅಳಿಸಿ, ಮಾಲ್ಟೋಸ್ ಒಂದೇ ಆಹಾರವಾಗಿರುವ ಪ್ಲೇಟಿನಲ್ಲಿ ಬೆಳೆಸಿ, ಆಮೇಲೆ ಜೀನನ್ನು ಮತ್ತೆ ಸೇರಿಸಿದಾಗ ಬೆಳವಣಿಗೆ ವಾಪಸ್ ಬರುತ್ತದಾ ನೋಡಿ.