ಮೊಣಕಾಲುದ್ದ ನೀರಿನ ಬೇಟೆಗಾರ: ಬಿಚಿರ್ ಸಾಕಿದ ನನ್ನ ಅನುಭವ

ಬೆಳಗಿನ ಜಾವ ಕಸ ಹೊಡೆಯಲು ಎದ್ದ ಅವ್ವ ಕೂಗಿಕೊಂಡಳು. "ಹಾವಿನ ಮರಿ ಬಂದೈತೆ ನೋಡೋ, ಬಾಗಿಲ ಹತ್ರ!" ಓಡಿ ಹೋಗಿ ನೋಡಿದರೆ ಅದು ಹಾವಲ್ಲ, ನನ್ನ ಮೀನು. ರಾತ್ರಿ ಟ್ಯಾಂಕಿನಿಂದ ಹೊರಬಿದ್ದು, ಹಾಲ್ ಪೂರ್ತಿ ತೆವಳಿ ಹೊಸಿಲ ತನಕ ಬಂದಿತ್ತು. ದಾವಣಗೆರೆಯ ಏಪ್ರಿಲ್ ಸೆಕೆ ನಿಮಗೆ ಗೊತ್ತಲ್ವಾ, ಮೈಯೆಲ್ಲ ಒಣಗಿತ್ತು. ನೀರಿಗೆ ಬಿಟ್ಟೆ. ಬದುಕಲಿಲ್ಲ.

ಅದು ಸೆನೆಗಲ್ ಬಿಚಿರ್. ಅಂಗಡಿಯಲ್ಲಿ "ಡೈನೋಸಾರ್ ಮೀನು" ಅಂತ ಹೇಳಿ ಕೊಟ್ಟಿದ್ದರು. ಹೆಸರು ಸುಮ್ನೆ ಇಟ್ಟಿದ್ದಲ್ಲ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಮೊದಲೇ ಬೇರೆ ಮೀನುಗಳಿಂದ ಕವಲೊಡೆದ ವಂಶ ಇದು. ಮೈಮೇಲೆ ಹಂಚು ಜೋಡಿಸಿದ ಹಾಗೆ ಗಟ್ಟಿ ಹುರುಪೆ. ಬೆನ್ನುದ್ದಕ್ಕೂ ಬಾವುಟದಂಥ ಎಂಟು-ಹತ್ತು ಪುಟ್ಟ ರೆಕ್ಕೆ. ಎದೆಯ ಎರಡು ರೆಕ್ಕೆಗಳ ಬುಡ ಮಾತ್ರ ಮಾಂಸದಿಂದ ತುಂಬಿ ದಪ್ಪಗಿರುತ್ತದೆ, ಕೈ ಊರಿ ಕೂತ ಮಗುವಿನ ಹಾಗೆ ಅದರ ಮೇಲೆ ಮೈ ಎತ್ತಿ ಕೂರುತ್ತದೆ.

ಇಂಥ ಮೀನನ್ನು ನಾನು ಎತ್ತರದ ಕಿರಿದಾದ ಟ್ಯಾಂಕಿನಲ್ಲಿ, ಅಂಚಿನ ತನಕ ನೀರು ತುಂಬಿ, ಗಪ್ಪಿ ಅನ್ನುವ ಪುಟ್ಟ ಮೀನುಗಳ ಜೊತೆ ಇಟ್ಟಿದ್ದೆ. ಎರಡು ವಾರದಲ್ಲಿ ಗಪ್ಪಿಗಳು ಖಾಲಿ. ಆಮೇಲೆ ಅದೂ ಹೋಯಿತು. ಎರಡೂ ನನ್ನ ತಪ್ಪೇ.

ಇನ್ನೊಂದನ್ನು ತರುವ ಮೊದಲು ಒಂದು ತಿಂಗಳು ಅದರ ಊರಿನ ಬಗ್ಗೆಯೇ ಓದಿದೆ. ಆಫ್ರಿಕಾದ ನೈಲ್, ನೈಜರ್, ಸೆನೆಗಲ್, ಗ್ಯಾಂಬಿಯಾ, ವೋಲ್ಟಾ ನದಿಗಳು, ಚಾಡ್ ಸರೋವರ. ಆದರೆ ನಡುನೀರಿನ ಮೀನಲ್ಲ ಇದು. ಜೊಂಡು ಬೆಳೆದ ಅಂಚು, ಕೆಸರು, ನಿಂತ ನೀರು, ಇವೇ ಇದರ ಜಾಗ. ಮಳೆಗಾಲದಲ್ಲಿ ನದಿ ಉಕ್ಕಿದಾಗ ಮುಳುಗಿದ ಹುಲ್ಲಿನ ನಡುವೆ ನುಗ್ಗಿ ಗಿಡಗಳಿಗೆ ಮೊಟ್ಟೆ ಅಂಟಿಸುತ್ತದೆ. ಹರಿಹರದ ಹತ್ತಿರ ತುಂಗಭದ್ರೆ ಉಕ್ಕಿ ಗದ್ದೆಗಳಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಆ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ. ಅಂಥ ನೀರು ಬಿಸಿಲಿಗೆ ಕಾದು ನಿಂತರೆ ಅದರಲ್ಲಿ ಆಮ್ಲಜನಕ ಇಳಿಯುತ್ತದೆ. ಬೇರೆ ಮೀನು ಒದ್ದಾಡುವಾಗ ಬಿಚಿರ್ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಗಾಳಿ ಕುಡಿಯುತ್ತದೆ. ಆದರೆ ಬಿಚಿರ್‌ಗೆ ಹೊಟ್ಟೆಯ ಕಡೆ ಒಂದು ಜೊತೆ ಶ್ವಾಸಕೋಶವೇ ಇದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದರ ಮರಿಗಳನ್ನು ಎಂಟು ತಿಂಗಳು ನೆಲದ ಮೇಲೆ, ಬರೀ ತೇವದಲ್ಲಿ ಬೆಳೆಸಿದ್ದರು. ನೀರಿನಲ್ಲಿ ಬೆಳೆದವಕ್ಕಿಂತ ಅವು ಚೆನ್ನಾಗಿ ನಡೆದವಂತೆ. 2014ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅದನ್ನು ಓದಿದ ದಿನ ನಮ್ಮ ಹೊಸಿಲು ನೆನಪಾಗಿ ಹೊಟ್ಟೆ ಹಿಂಡಿತು.

ಅಂದರೆ ಇದಕ್ಕೆ ಬೇಕಿದ್ದದ್ದು ಆಳವಲ್ಲ, ಅಗಲ. ಗಾಜಿನ ಅಂಗಡಿಯಲ್ಲಿ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿದೆ. ನೀರು ಒಂದೇ ಅಡಿ, ಸುಮಾರು 225 ಲೀಟರ್. ಮೇಲಿನ ಅರ್ಧ ಅಡಿ ಗಾಳಿಗೆ ಬಿಟ್ಟೆ. ಮುಚ್ಚಳಕ್ಕೆ ಗಾಜು ಬೇಡ ಅಂತ ಕಬ್ಬಿಣದ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿದು, ನಾಲ್ಕು ಮೂಲೆಗೂ ಟೈಲ್ಸ್ ತುಂಡು ಹೇರಿದೆ. ಫಿಲ್ಟರ್ ಪೈಪ್ ಹೋಗುವ ಸಂದಿಯನ್ನು ಸ್ಪಾಂಜಿನಿಂದ ತುಂಬಿದೆ. ಬೆರಳು ತೂರುವಷ್ಟು ಜಾಗ ಸಿಕ್ಕರೂ ಸಾಕು, ಇದು ಹೊರಗೆ ಬರುತ್ತದೆ.

ತಳಕ್ಕೆ ನುಣ್ಣನೆಯ ಮರಳು. ಕೆಸರು ಹೋಗುವ ತನಕ ಬಕೆಟ್ ಬಕೆಟ್ ತೊಳೆದು ಹಾಕಿದೆ. ಚೂಪಾದ ಜಲ್ಲಿ ಹಾಕಬೇಡಿ, ಇದು ದಿನವಿಡೀ ಹೊಟ್ಟೆ ನೆಲಕ್ಕೆ ತಾಗಿಸಿಯೇ ಇರುವ ಮೀನು. ಹಗಲು ಅಡಗಲು ಒಂದು ಮಣ್ಣಿನ ಕೊಳವೆ ಇಟ್ಟೆ. ಮೇಲೆ ತೇಲಲು ಅಂತರಗಂಗೆ. ನಮ್ಮ ಕೆರೆಗಳಿಗೆ ಪೀಡೆಯಾದ ಈ ಗಿಡ ನೈಲ್ ನದಿಯಲ್ಲೂ ಇದೆ, ಹಾಗಾಗಿ ಬಿಚಿರ್‌ಗೆ ಇದರ ನೆರಳು ಹೊಸದಲ್ಲ. ತಂದ ಗಿಡವನ್ನು ಮೊದಲು ಹದಿನೈದು ದಿನ ಬೇರೆ ಟಬ್ಬಿನಲ್ಲಿಟ್ಟೆ. ಬೇರಿನಲ್ಲಿ ಬಸವನಹುಳು, ಜಿಗಣೆ ಇರುತ್ತವೆ.

ಊಟದ ಸಮಯ ರಾತ್ರಿ. ಲೈಟ್ ಆರಿಸಿ ಹತ್ತು ನಿಮಿಷ ಬಿಟ್ಟು ಹಿತ್ತಲ ಗೊಬ್ಬರದ ಗುಂಡಿಯ ಎರೆಹುಳು, ಇಲ್ಲವೇ ಸಿಪ್ಪೆ ಸುಲಿದ ಸೀಗಡಿ ತುಂಡು ಹಾಕುತ್ತೇನೆ. ಕಣ್ಣು ಮಂದ, ಮೂಗು ಚುರುಕು. ಮೂತಿಯ ಮೇಲೆ ಎರಡು ಸಣ್ಣ ನಳಿಕೆ ಇವೆ. ವಾಸನೆ ಸಿಕ್ಕ ಕೂಡಲೇ ಕೊಳವೆಯಿಂದ ತಲೆ ಹೊರಗೆ ಬರುತ್ತದೆ. ತುಂಡಿನ ಪಕ್ಕದಲ್ಲೇ ಎರಡು ಸಲ ಹಾದು ಹೋಗಿ, ಮೂರನೇ ಸಲ ಗಬಕ್ಕನೆ ಹಿಡಿಯುತ್ತದೆ. ಆ ಹತ್ತು ನಿಮಿಷ ನಾನು ಫೋನ್ ಮುಟ್ಟುವುದಿಲ್ಲ. ಮರಿಯಾಗಿದ್ದಾಗ ದಿನಾ ಹಾಕುತ್ತಿದ್ದೆ, ಈಗ ವಾರಕ್ಕೆ ಮೂರು ದಿನ.

ಗಾಳಿ ಕುಡಿಯುವುದನ್ನು ಹತ್ತಿರದಿಂದ ನೋಡಬೇಕು. ತಲೆಯ ಮೇಲೆ ಎರಡು ಪುಟ್ಟ ರಂಧ್ರಗಳಿವೆ. ನೀರಿನ ಮೇಲೆ ತಲೆ ತಾಗಿಸಿ, ಬಾಯಿ ತೆರೆಯದೆ, ಆ ರಂಧ್ರಗಳಿಂದಲೇ ಒಳಗೆ ಎಳೆದುಕೊಳ್ಳುತ್ತದೆ. ಗಾಬರಿಯಾಗಿದ್ದರೆ ಮಾತ್ರ ಬಾಣದ ಹಾಗೆ ಮೇಲೆ ಬಂದು ಬಾಯಲ್ಲಿ ಗುಟುಕು ತೆಗೆದುಕೊಂಡು ಓಡುತ್ತದೆ.

ಬೇಸಿಗೆಯೇ ನಮ್ಮೂರಲ್ಲಿ ದೊಡ್ಡ ತಲೆನೋವು. ಇದಕ್ಕೆ 25ರಿಂದ 28 ಡಿಗ್ರಿ ಹಿತ. ಮೇ ತಿಂಗಳಲ್ಲಿ ನೀರು 32 ದಾಟಿತ್ತು. ಜಾಲರಿಯ ಮೇಲೆ ಅಡ್ಡಲಾಗಿ ಟೇಬಲ್ ಫ್ಯಾನ್ ಬೀಸಿದರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ, ಆರಿದ ನೀರನ್ನು ದಿನಾ ತುಂಬಬೇಕು ಅಷ್ಟೆ. ಕರೆಂಟ್ ಹೋದಾಗ ಉಸಿರಿಗೆ ತೊಂದರೆ ಇಲ್ಲ. ಆದರೆ ಫಿಲ್ಟರ್ ನಿಂತು ಕೊಳಕು ಸೇರುತ್ತದೆ, ಆ ದಿನ ಊಟ ಹಾಕುವುದಿಲ್ಲ.

ಈಗ ಇದು ಒಂದು ಅಡಿ ಹತ್ತಿರ ಬೆಳೆದಿದೆ. ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ತನ್ನ ಬಿಚಿರ್ ಹಿಡಿದುಕೊಂಡು ಬಂದ. "ಟ್ಯಾಂಕ್ ಸಾಲ್ತಿಲ್ಲ ಅಣ್ಣ, ಕುಂದವಾಡ ಕೆರೆಗೆ ಬಿಟ್ಟು ಬರ್ಲಾ?" ಬೇಡವೇ ಬೇಡ ಅಂದೆ. ಗಾಳಿ ಕುಡಿದು ಬದುಕುವ, ಗಟ್ಟಿ ಮೈಯ, ಮರಿಗಳನ್ನು ನುಂಗುವ ಹೊರಗಿನ ಬೇಟೆಗಾರನನ್ನು ನಮ್ಮ ಕೆರೆಗೆ ಬಿಟ್ಟರೆ ಅಲ್ಲಿನ ಸಣ್ಣ ಮೀನುಗಳ ಗತಿ ಏನು? ಅದನ್ನೂ ನಾನೇ ಇಟ್ಟುಕೊಂಡೆ. ಎರಡು ವಾರ ಬೇರೆ ಟಬ್ಬಿನಲ್ಲಿಟ್ಟು ಆಮೇಲೆ ಟ್ಯಾಂಕಿಗೆ ಬಿಟ್ಟೆ. ಒಂದೇ ಕೊಳವೆಗೆ ಎರಡೂ ನೂಕಾಡಿದವು, ಇನ್ನೊಂದು ಕೊಳವೆ ಇಟ್ಟ ಮೇಲೆ ಸುಮ್ಮನಾದವು.